ಉಮಾಬಾಯಿಯ ಮೂಗು

ಸನತ್‌ನಗರದ ಹಣ್ಣಿನ ಘಟಕಕ್ಕೆ ಉಮಾಬಾಯಿ ಸೇರಿದ್ದು ಪೇರಲ ತೊಳೆಯುವುದಕ್ಕೆ. ಗಂಡ ಸೂರ್ಯಕಾಂತ ದುಡಿಯುತ್ತಿದ್ದ ಪಂಪಿನ ಕಾರ್ಖಾನೆ ಪಕ್ಕದ ಓಣಿಯಲ್ಲೇ ಇತ್ತು. ಕೂಕಟ್‌ಪಲ್ಲಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತಿದ್ದರು. ಹುಮನಾಬಾದ್ ಕಡೆಯ ಹೆಂಗಸು, ತೆಲುಗು ಅರ್ಧಂಬರ್ಧ. ಘಟಕ ನಡೆಸುವ ರಶ್ಮಿ ಕಲಬುರಗಿಯವಳೆಂದು ತಿಳಿದ ದಿನ ಆಕೆಗೆ ತವರಿನವರು ಸಿಕ್ಕಷ್ಟು ಹಿಗ್ಗಾಗಿತ್ತು.

ಅಲ್ಲಿ ಹಣ್ಣನ್ನು ಲೋಳೆಸರದ ತಿರುಳು, ಮೆಕ್ಕೆಜೋಳದ ಗಂಜಿ ಕಲಸಿದ ನೀರಿನಲ್ಲಿ ಅದ್ದಿ ಫ್ಯಾನಿನ ಕೆಳಗೆ ಆರಿಸುತ್ತಿದ್ದರು. ಕಣ್ಣಿಗೆ ಕಾಣದ ತೆಳು ಲೇಪವೊಂದು ಮೇಲೆ ಉಳಿಯುತ್ತಿತ್ತು. ಹಣ್ಣಿನ ಜೊತೆಗೇ ಅದನ್ನು ತಿನ್ನಬಹುದು, ಹಣ್ಣೂ ಬೇಗ ಬಾಡುವುದಿಲ್ಲ. ಗಚ್ಚಿಬೌಲಿಯ ಅಂಗಡಿಗಳಿಗೆ ಅದೇ ಬೇಕಿತ್ತು. ಆದರೆ ಲೇಪ ಕೊಂಚ ದಪ್ಪವಾಯಿತೋ, ಹಣ್ಣಿಗೆ ಉಸಿರು ಕಟ್ಟುತ್ತದೆ. ಮೇಲೆ ಹಸಿರಾಗಿ ಹೊಳೆಯುತ್ತಲೇ ಒಳಗೊಳಗೆ ಹುಳಿಬಂದು ಹೆಂಡದ ವಾಸನೆ ಹಿಡಿಯುತ್ತದೆ.

ಒಂದೆರಡು ದಿನ ಇಟ್ಟು ಗಾಡಿಗೆ ಹೊರಟ ಬುಟ್ಟಿಗಳಲ್ಲಿ ಅಂಥ ಹಣ್ಣಿದ್ದರೆ ಉಮಾಬಾಯಿ ತೊಳೆಯುವ ಜಾಗದಲ್ಲಿ ನಿಂತೇ, ಒಮ್ಮೆ ಮೂಸಿ, ಬೇರೆ ಇಡುತ್ತಿದ್ದಳು. ಅದನ್ನು ಗಮನಿಸಿದ ರಶ್ಮಿ ಆಕೆಯನ್ನು ಪರೀಕ್ಷೆಯ ಮೇಜಿಗೆ ಕೂರಿಸಿದಳು. ಅಂದಿನಿಂದ ಆಕೆ ಹೂಂ ಅನ್ನದೆ ಗಾಡಿ ಹೊರಡುತ್ತಿರಲಿಲ್ಲ. ತನ್ನ ಮಾತಿಗೆ ನಾಲ್ಕು ಜನ ಕಾಯುವುದನ್ನು ಆಕೆ ಐವತ್ತರ ಹತ್ತಿರ ಬಂದು ಮೊದಲ ಸಲ ಕಂಡಳು.

ಕೊರೊನಾದ ಎರಡನೇ ಅಲೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಜ್ವರ ಬಂತು. ಇಬ್ಬರೂ ಉಳಿದರು. ಉಮಾಬಾಯಿಗೆ ವಾಸನೆ ಮಾತ್ರ ತಿರುಗಿ ಬರಲಿಲ್ಲ. ಒಗ್ಗರಣೆಗೆ ಇಂಗು ಹಾಕಿ ಬಗ್ಗಿ ನೋಡುವಳು, ಏನೂ ಇಲ್ಲ. ಇವತ್ತಲ್ಲ ನಾಳೆ ಬಂದೀತೆಂದು ಕಾದಳು. ಘಟಕ ಮತ್ತೆ ತೆರೆದಾಗ ಯಾರಿಗೂ ಹೇಳದೆ ಮೇಜಿಗೆ ಹೋಗಿ ಕೂತಳು. ಬಣ್ಣ ನೋಡಿ, ಬೆರಳಿನಿಂದ ಒತ್ತಿ, ಅಂದಾಜಿನ ಮೇಲೆ ಹೂಂ ಅನ್ನತೊಡಗಿದಳು.

ದೀಪಾವಳಿಗೆ ಮುಂಚೆ ಕಳಿಸಿದ ಪೇರಲ ಪೂರ್ತಿ ವಾಪಸ್ಸು ಬಂತು. ರಶ್ಮಿ ಒಂದನ್ನು ಕೊಯ್ದು ಮೂಗಿಗೆ ಹಿಡಿದವಳೇ ಮುಖ ತಿರುಗಿಸಿದಳು.

"ಇದು ನಿಮಗ ಗೊತ್ತಾಗಲಿಲ್ಲೇನ್ರಿ, ಅಕ್ಕಾ?"

ಉಮಾಬಾಯಿ ಹೋಳನ್ನು ಕೈಯಲ್ಲಿ ಹಿಡಿದು ನಿಂತಳು. "ಜ್ವರ ಬಂದಾಗಿಂದ ನನಗ ಯಾವ ವಾಸನಿನೂ ಬರವಲ್ದರಿ. ಹೇಳಿದ್ರ ನನಗಿಲ್ಲಿ ಏನ್ ಕೆಲಸ ಉಳಿತೈತಿ ಅಂತ ಸುಮ್ಮನಿದ್ದೆ."

ರಶ್ಮಿ ಬೈಯಲಿಲ್ಲ, ಕೆಲಸದಿಂದ ಬಿಡಿಸಲೂ ಇಲ್ಲ. ತಾನೇ ಡಾಕ್ಟರರ ಹತ್ತಿರ ಕರೆದೊಯ್ದಳು. ದಿನಾ ಲವಂಗ, ನಿಂಬೆ ಮೂಸುತ್ತಿರಿ, ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ ಎಂದರು ಅವರು. ಉಮಾಬಾಯಿ ತೊಳೆಯುವ ಕೆಲಸಕ್ಕೇ ಮರಳಿದಳು. ಮೇಜಿಗೆ ಹಣ್ಣು ತಂದುಕೊಡುತ್ತಿದ್ದ ದೀಪಾಲಿ ಈಗ ಆ ಜಾಗದಲ್ಲಿ ಕೂತಿದ್ದಳು. ಅನುಮಾನ ಬಂದರೆ ಹಳೆಯ ರೂಢಿಯಂತೆ ಹಣ್ಣು ಹಿಡಿದು ಉಮಾಬಾಯಿಯತ್ತ ಬರುವಳು, ಅರ್ಧ ದಾರಿಯಲ್ಲಿ ನೆನಪಾಗಿ ತಿರುಗುವಳು. ಉಮಾಬಾಯಿ ನೋಡದವಳಂತೆ ನೀರಿನಲ್ಲಿ ಕೈಯಾಡಿಸುತ್ತಿದ್ದಳು.

ಒಂದು ಬೆಳಿಗ್ಗೆ ಒಲೆಯ ಮೇಲಿನ ಹಾಲು ಸೀದು ಪಾತ್ರೆ ಕರ್ರಗಾದರೂ ಆಕೆ ಅಡುಗೆಮನೆಯ ಬಾಗಿಲಲ್ಲೇ ಸೊಪ್ಪು ಸೋಸುತ್ತ ಕೂತಿದ್ದಳು. ಸೂರ್ಯಕಾಂತ ಓಡಿಬಂದು ಒಲೆ ಆರಿಸಿದ. ಮರುದಿನದಿಂದ ಹಾಲು ಕಾಯಿಸುವುದು ಅವನ ಕೆಲಸವಾಯಿತು.

ಹೋದ ವರ್ಷ ಮಗಳು ಶೀತಲ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಎಣ್ಣೆ ಹಚ್ಚಿ ಎರೆದು, ಲೋಬಾನದ ಹೊಗೆ ಹಾಕಿ, ಬಟ್ಟೆ ಸುತ್ತಿ ಎತ್ತಿಕೊಂಡ ಉಮಾಬಾಯಿ ಕೂಸಿನ ನೆತ್ತಿಗೆ ಮೂಗು ಹಚ್ಚಿದಳು. ಮತ್ತೆ ಹಚ್ಚಿದಳು. ಆಮೇಲೆ ತಲೆ ಎತ್ತಲೇ ಇಲ್ಲ.

ಏನಾಯಿತೆಂದು ಶೀತಲ ಕೇಳಿದಳು.

"ನನಗ ಇದರ ವಾಸನಿ ಬರವಲ್ದವ್ವ. ನೀ ಹೇಳು, ಹೆಂಗೈತಿ?"

ಶೀತಲ ಕೂಸಿನ ಮೇಲೆ ಬಾಗಿದಳು. ಹಾಲಿನಂತೆ ಎಂದಳು. ಅಲ್ಲ, ಬಿಸಿಲಿಗೆ ಒಣಗಿದ ಅರಿವೆಯಂತೆ ಎಂದಳು. ಅದೂ ಸರಿಯಾಗದೆ, ಹೇಳಲು ಬಾರದೆ ಅಳತೊಡಗಿದಳು. ಉಮಾಬಾಯಿ ಕೂಸನ್ನು ಎಡಗೈಗೆ ಬದಲಿಸಿಕೊಂಡು ಮಗಳ ಬೆನ್ನು ಸವರಿದಳು. ಬಾಣಂತಿ ಅಳಬಾರದು, ಕಣ್ಣಿಗೆ ಒಳ್ಳೆಯದಲ್ಲ ಎಂದಳು.