ಐದೇ ನಿಮಿಷದ ಸ್ತೋಯನ್

ವೆಲಿಂಗ್ಟನ್ ಪಕ್ಕದ ಪೊರಿರುವಾ ಊರಿನಲ್ಲಿ ನೀಲವ್ವನ ಮಗಳ ಮನೆಗೆ ಸ್ತೋಯನ್ ಮೊದಲ ಸಲ ನಳ ರಿಪೇರಿಗೆ ಬಂದ ದಿನ, ಬೆಳಿಗ್ಗೆ ಬರಬೇಕಾದವನು ಬಂದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಅಷ್ಟು ಹೊತ್ತೂ ಮಗಳ ಹತ್ತಿರ ಬಂದಿದ್ದ ಧಾರವಾಡದ ಕಡೆಯ ಮುದುಕಿ ನೀಲವ್ವ ಕಿಟಕಿಗೂ ಗೇಟಿಗೂ ಎಡತಾಕುತ್ತಿದ್ದಳು. ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಮಾತು, "ಐದೇ ನಿಮಿಷ ಆಂಟಿ!" ಇಬ್ಬರದೂ ಹರಕು ಇಂಗ್ಲಿಷು, ಬೈಯುವುದಕ್ಕೆ ಮಾತ್ರ ನೀಲವ್ವನಿಗೆ ಕನ್ನಡವೇ ಬೇಕು. "ನಮ್ಮ ಬಲ್ಗೇರಿಯಾದಲ್ಲಿ ಹೇಳಿದ ಹೊತ್ತಿಗೇ ಹೋಗಿಬಿಟ್ರೆ ಮನೆಯವ್ರು ಇನ್ನೂ ತಲೆ ಬಾಚ್ತಾ ಇರ್ತಾರೆ, ಪಾಪ," ಎಂದು ಅವನು ಸಮಜಾಯಿಷಿ ಕೊಟ್ಟರೆ, "ನಾ ಬಾಚಿ ಯಾವ ಕಾಲಾತು! ಅಲ್ಲಿ ನಳ ಸೋರಾಕತ್ತೈತಿ, ಖೋಡಿ!" ಎನ್ನುವಳು. ಬಂದನೆಂದರೆ ಹೋಗುವುದಕ್ಕೂ ಅವನಿಗೆ ಅವಸರವಿಲ್ಲ. ನಳವಾದ ಮೇಲೆ ಕಿರುಗುಟ್ಟುವ ಬಾಗಿಲು, ಆಮೇಲೆ ಚಹಾ, ಆಮೇಲೆ ಅವನೂರಿನ ಟೊಮೆಟೊ ಕಥೆ, ಅತ್ತ ಕಾಯುತ್ತಿರುವ ಇನ್ನೊಂದು ಮನೆಗೆ, "ಐದೇ ನಿಮಿಷ!" ಅಪ್ಪನ ಮಣ್ಣಿಗೂ ಹೀಗೇ ತಡವಾಗಿ ಹೋಗಿ, ಎಲ್ಲರೂ ಚದುರಿದ ಮೇಲೆ ಅವ್ವನೊಬ್ಬಳೇ ಗೋರಿಯ ಬಳಿ ನಿಂತಿದ್ದನ್ನು ಕಂಡವನು ಅವನು. ಅದನ್ನು ಹೇಳಿದ ದಿನ ಚಹಾ ಮುಟ್ಟಲಿಲ್ಲ. ಎದ್ದ, ಕೂತ, ಮತ್ತೆ ಎದ್ದ. ಇಂಗ್ಲಿಷಿನ ಒಂದಕ್ಷರ ಬಾರದ ಆ ಅವ್ವ ಮರುದಿನ ವೆಲಿಂಗ್ಟನ್ನಿಗೆ ವಿಮಾನದಲ್ಲಿ ಒಬ್ಬಳೇ ಬಂದಿಳಿಯುವವಳಿದ್ದಳು. "ಆಂಟಿ, ನೀವು ಸೆರಗು ಹೊದ್ದ ಹಾಗೇ ನಮ್ಮಮ್ಮನೂ ತಲೆ ಮೇಲೆ ಬಟ್ಟೆ ಹೊದೀತಾಳೆ," ಎಂದ. "ನಾಳೆ ನನಗಿಂತ ಮೊದಲೇ ಏರ್‌ಪೋರ್ಟಿಗೆ ಹೋಗಿ, ಅವಳಿಗೆ ಕಾಣೋ ಹಾಗೆ ನಿಂತ್ಕೊಳ್ತೀರಾ?"