ಟ್ಯಾಂಕಿಗೆ ನೀರು ಬಿದ್ದ ದಸರಾ

ಹೆಬ್ಬಾಳ ಎಂದರೆ ಈಗಿನವರಿಗೆ ಮೇಲ್ಸೇತುವೆ, ಅದರ ಮೇಲೆ ಹಾರ್ನ್ ಹೊಡೆಯುತ್ತ ನಿಂತ ಗಾಡಿಗಳು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ ಹೆಬ್ಬಾಳ ಎಂದರೆ ಮೊದಲು ಕೆರೆ, ಆಮೇಲೆ ಉಳಿದದ್ದೆಲ್ಲ. ಗಂಗಾನಗರದ ನಮ್ಮ ಮನೆಯಿಂದ ಹೊರಟು ಸೀಬೆ ತೋಟದ ಬೇಲಿ ದಾಟುವಷ್ಟರಲ್ಲೇ ಕೆರೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕೆಸರು, ಮೀನು, ಒಣಗುತ್ತಿದ್ದ ಜೊಂಡು, ಎಲ್ಲ ಸೇರಿದ ವಾಸನೆ. ಅದರೊಳಗಿಂದ ಡೀಸೆಲ್ಲಿನ ವಾಸನೆಯನ್ನು ಬೇರೆಯಾಗಿ ಹಿಡಿಯಬಲ್ಲವರು ನಮ್ಮ ಮನೆಯವರು ಮಾತ್ರ. ಏಕೆಂದರೆ ಅಕ್ಕಪಕ್ಕದವರ ಮನೆಯಲ್ಲಿ ಎಮ್ಮೆ ಇದ್ದರೆ ನಮ್ಮ ಮನೆಯಲ್ಲಿ ದೋಣಿ ಇತ್ತು.

ಅಪ್ಪ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನ ತಮ್ಮ, ನನ್ನ ಚಿಕ್ಕಪ್ಪ ಕೃಷ್ಣನಿಗೆ ಎಲ್ಲೂ ಕೆಲಸ ನಿಲ್ಲುತ್ತಿರಲಿಲ್ಲ. ಅವನಿಗೊಂದು ದಾರಿಯಾಗಲಿ ಎಂದು ಅಪ್ಪ ಹಳೆಯ ಕಬ್ಬಿಣದ ದೋಣಿಯೊಂದನ್ನು ಕೊಂಡು, ಯಾರದೋ ತೋಟದಲ್ಲಿ ಬಿದ್ದಿದ್ದ ಡೀಸೆಲ್ ಪಂಪ್‌ಸೆಟ್ಟಿನ ಎಂಜಿನ್ ತಂದು ಅದಕ್ಕೆ ಕೂರಿಸಿದ. ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ ಆರ್.ಟಿ. ನಗರದ ಗಫಾರ್ ಸಾಬರಿಗೆ ವಾರವಿಡೀ ಬಲೆ ಸಾಗಿಸುವುದು, ಅಂತರಗಂಗೆಯ ಕಳೆ ಎಳೆದು ದಡಕ್ಕೆ ಹಾಕುವುದು ಚಿಕ್ಕಪ್ಪನ ಕೆಲಸ. ಭಾನುವಾರ ಬಂದವರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಿದ್ದ. ಡೀಸೆಲ್ ನೋಡಿಕೊಳ್ಳುವುದು ನನ್ನ ಕೆಲಸ. ಇದನ್ನು ಜಂಬದಿಂದಲೇ ಹೇಳುತ್ತೇನೆ. ಆ ಜಂಬ ನನಗೆ ಸಲ್ಲಬೇಕಾದದ್ದೇ.

"ಎಂಜಿನ್ನಿಗೆ ಹಸಿವಾದ್ರೆ ತಡ್ಕೊಳ್ಳತ್ತೆ ಸಾವಿ, ಕೊಳಕು ತಿಂದ್ರೆ ತಡ್ಕೊಳ್ಳಲ್ಲ" ಎಂದು ಅಪ್ಪ ಮೊದಲ ದಿನವೇ ಹೇಳಿಕೊಟ್ಟಿದ್ದ. ಬಂಕಿನಿಂದ ತಂದ ಡ್ರಮ್ಮನ್ನು ಉರುಳಿಸಿದ ಕೂಡಲೇ ತೆಗೆಯಬಾರದು, ಒಂದು ರಾತ್ರಿ ಅಲ್ಲಾಡಿಸದೆ ಬಿಡಬೇಕು. ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆಯಾಗಿ ನಿಲ್ಲಿಸಿದರೆ ನೀರು, ತುಕ್ಕು, ಮಣ್ಣು ಎಲ್ಲ ತಗ್ಗಿನ ಬದಿಗೆ ಇಳಿಯುತ್ತದೆ. ನಾವು ಎತ್ತರದ ಬದಿಯಿಂದ ಎಳೆದುಕೊಳ್ಳಬೇಕು, ತಳದ್ದನ್ನು ಮುಟ್ಟಬಾರದು. ಆಮೇಲೆ ಸೋಸಬೇಕು. ಸೋಸುವುದಕ್ಕೆ ಗಫಾರ್ ಸಾಬರು ತಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಫೆಲ್ಟ್ ಟೋಪಿಯೊಂದನ್ನು ತಂದುಕೊಟ್ಟಿದ್ದರು.

"ನಮ್ಮ ಅಬ್ಬಾ ಮದುವೇಲಿ ಹಾಕ್ಕೊಂಡಿದ್ದ ಟೋಪಿ ಇದು. ಈಗ ನೋಡು, ಡೀಸೆಲ್ ಕುಡೀತಾ ಐತೆ" ಎಂದು ಪ್ರತಿ ಸಲ ನಗುತ್ತಿದ್ದರು. ಆ ಟೋಪಿ ಒಮ್ಮೆ ಡೀಸೆಲ್ಲಿನಲ್ಲಿ ನೆನೆದರೆ ಸಾಕು, ಡೀಸೆಲನ್ನು ಕೆಳಗೆ ಬಿಟ್ಟು ನೀರನ್ನು ಮೇಲೇ ತಡೆಯುತ್ತಿತ್ತು. ಟೋಪಿಯ ತಳದಲ್ಲಿ ಮಣಿಗಳಂತೆ ಉರುಳಾಡುತ್ತಿದ್ದ ನೀರಿನ ಹನಿಗಳನ್ನು ನೋಡುವುದೇ ನನಗೊಂದು ಆಟ.

ಟ್ಯಾಂಕು ಎಂಜಿನ್ನಿಗಿಂತ ಎತ್ತರದಲ್ಲಿತ್ತು. ಅದರ ಬಾಯಿಗೆ ಹಿತ್ತಾಳೆಯ ಮುಚ್ಚಳ, ತಳದಲ್ಲೊಂದು ಪುಟ್ಟ ನಲ್ಲಿ. ಎಂಜಿನ್ನಿಗೆ ಹೋಗುವ ಕೊಳವೆಯ ನಡುವೆ ಒಂದು ಗಾಜಿನ ಬಟ್ಟಲು, ಟ್ಯಾಂಕಿನಿಂದ ತಪ್ಪಿಸಿಕೊಂಡು ಬಂದ ನೀರು, ಕೊಳೆ ಅದರಲ್ಲಿ ತಂಗುತ್ತಿತ್ತು. ದಿನಾ ಬೆಳಿಗ್ಗೆ ಸ್ಕೂಲಿಗೆ ಹೋಗುವ ಮುಂಚೆ ಎಂಜಿನ್ ಚಾಲೂ ಆಗುವುದಕ್ಕೆ ಮೊದಲು ನಾನು ಆ ನಲ್ಲಿಯನ್ನು ತಿರುಗಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಬಿಟ್ಟು ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ನೀರು ಕಂಡರೆ ಬರೀ ಡೀಸೆಲ್ ಬರುವವರೆಗೂ ಬಿಡಬೇಕು. ಸಂಜೆ ಟ್ಯಾಂಕ್ ತುಂಬಿಸಿಡುವುದನ್ನು ಮರೆಯಬಾರದು, ಖಾಲಿ ಬಿಟ್ಟರೆ ಚಳಿಗೆ ಟ್ಯಾಂಕು ಒಳಗೊಳಗೇ ಬೆವರುತ್ತದೆ. ಇಷ್ಟನ್ನೂ ನಾನು ಮಗ್ಗಿಗಿಂತ ಚೆನ್ನಾಗಿ ಒಪ್ಪಿಸುತ್ತಿದ್ದೆ. ಸೀಗೇಪುಡಿ ಹಾಕಿ ಉಜ್ಜಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಕೈ ಕೈ ಹಿಡಿದು ಸುತ್ತುವ ಆಟಕ್ಕೆ ನನ್ನ ಪಕ್ಕ ಯಾರೂ ನಿಲ್ಲುತ್ತಿರಲಿಲ್ಲ. ಹೋಗ್ರೇ ಎಂದು ನಾನೊಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ.

ಸಂಜೆ ಅಪ್ಪ ಪಾಳಿ ಮುಗಿಸಿ ಬಂದು ಬಚ್ಚಲಲ್ಲಿ ಕೈಕಾಲು ತೊಳೆಯುವಾಗ ಬಾಗಿಲ ಹೊರಗೆ ನಿಂತು ಅವತ್ತಿನ ವರದಿ ಕೊಡುತ್ತಿದ್ದೆ. ಬಟ್ಟಲಲ್ಲಿ ಏನು ಕಂಡಿತು, ಯಾರ ಜೊತೆ ಜಗಳವಾಯಿತು, ಮೇಷ್ಟ್ರು ಯಾರಿಗೆ ಹೊಡೆದರು, ಎಲ್ಲ. ಅಪ್ಪ ಒಳಗಿನಿಂದ ಹೂಂ ಹೂಂ ಎನ್ನುತ್ತಿದ್ದ. "ಈ ದೋಣಿ ಓಡ್ತಿರೋದು ಚಿಕ್ಕಪ್ಪನಿಂದಲ್ಲ, ನಿನ್ನಿಂದ ಕಣೇ" ಎಂದು ಒಂದು ಸಲ ಹೇಳಿದ. ಆ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ. ಅಷ್ಟು ಖುಷಿ.

ಆ ವರ್ಷದ ದಸರೆಗೆ ಸರಿಯಾಗಿ ಚಿಕ್ಕಪ್ಪನಿಗೆ ಸಂಬಂಧ ಕೂಡಿಬಂತು. ಬಾಗಲಗುಂಟೆಯ ಹನುಮಂತಪ್ಪನವರ ಮಗಳು. ಹುಡುಗಿಯನ್ನು ನಾವು ನೋಡಿ ಒಪ್ಪಿಯಾಗಿತ್ತು. ಆದರೆ ಅವರ ಕಡೆಯವರು ಎಳೆದಾಡುತ್ತಿದ್ದರು. ಕೆರೆಯಲ್ಲಿ ದೋಣಿ ನಡೆಸುವವನಿಗೆ ಹೆಣ್ಣು ಕೊಡುವುದು ಹೇಗೆ ಎನ್ನುವುದು ಅವರ ಕೊರಗು. ಕೊನೆಗೆ ವಿಜಯದಶಮಿಯ ದಿನ ಬಂದು ಮನೆಯನ್ನೂ ದೋಣಿಯನ್ನೂ ನೋಡಿ ಹೇಳುತ್ತೇವೆ ಎಂದರು. ಚಿಕ್ಕಪ್ಪನಿಗೆ ಅದಾಗಲೇ ಮೂರು ಕಡೆ ತಪ್ಪಿಹೋಗಿತ್ತು. ಇದೊಂದು ಕೂಡಿಬರಲಿ ಎಂದು ಅಜ್ಜಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು.

ಹಿಂದಿನ ದಿನ ಆಯುಧಪೂಜೆ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಜ್ಜಿ ಹುಣಸೆಹಣ್ಣು ಹಚ್ಚಿ ದೀಪಗಳನ್ನು ತಿಕ್ಕುತ್ತಿದ್ದಳು. ದೀಪಗಳ ನಡುವೆ ನಮ್ಮ ಟ್ಯಾಂಕಿನ ಮುಚ್ಚಳವೂ ಕೂತಿತ್ತು. ಬೀಗರ ಕಣ್ಣಿಗೆ ಫಳಫಳ ಹೊಳೆಯಬೇಕೆಂದು ಚಿಕ್ಕಪ್ಪನೇ ಬಿಚ್ಚಿ ತಂದು ಕೊಟ್ಟಿದ್ದನಂತೆ. ನಾನು ಓಡಿದೆ. ಕೆರೆಯ ದಡದಲ್ಲಿ ಚಿಕ್ಕಪ್ಪ ಟ್ಯಾಂಕಿನ ಬಾಯಿಗೊಂದು ಬಟ್ಟೆ ತುರುಕಿ, ಬಕೆಟ್ಟಿನಲ್ಲಿ ಕೆರೆಯ ನೀರು ಎತ್ತಿ ಎತ್ತಿ ಎಂಜಿನ್ ಮೇಲೆ ಸುರಿದು ತೊಳೆಯುತ್ತಿದ್ದ. ಬಟ್ಟೆ ತೊಪ್ಪೆಯಾಗಿ ಒಳಗೆ ಜಾರಿತ್ತು.

"ಚಿಕ್ಕಪ್ಪಾ, ನೀರು ಒಳಗೋಗ್ತಿದೆ!"

"ಬಟ್ಟೆ ಇದೆ ಕಣೇ, ಏನೂ ಆಗಲ್ಲ. ನೀನು ಹೋಗಿ ಚೆಂಡುಹೂವು ತಗೊಂಬಾ."

ಸ್ವಲ್ಪ ಹೊತ್ತಿಗೆ ಅಪ್ಪ ತೊಳೆದ ಮುಚ್ಚಳ ಹಿಡಿದು ಬಂದ. ಒದ್ದೆ ಬಟ್ಟೆಯನ್ನು ಎಳೆದು ಹಿಂಡಿ ಎಸೆದು, ಮುಚ್ಚಳವನ್ನು ಅವನೇ ಬಿಗಿದ. ನಾನು ಅವನ ಪಕ್ಕದಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. "ಪೂಜೆ ಆಗ್ಲಿ, ಆಮೇಲೆ ನೋಡೋಣ" ಎಂದ. ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ಬೂದುಕುಂಬಳಕಾಯಿ ಒಡೆದು, ಎಲ್ಲರಿಗೂ ಕಡ್ಲೆಪುರಿ ಹಂಚಿದ ಮೇಲೆ ನಾನು ಲೋಟ ಹಿಡಿದು ನಲ್ಲಿಯ ಹತ್ತಿರ ಹೋದರೆ ಅಜ್ಜಿ ರೇಗಿದಳು.

"ಪೂಜೆ ಆದ್ಮೇಲೆ ಆಯುಧ ಮುಟ್ಟಂಗಿಲ್ಲ ಅಂತ ಗೊತ್ತಿಲ್ವೇನೇ? ನಾಳೆವರ್ಗೂ ಸುಮ್ನಿರು."

ಇದು ನಮ್ಮ ಮನೆಯಲ್ಲಷ್ಟೇ ಅಲ್ಲ, ಎಲ್ಲರ ಮನೆಯಲ್ಲೂ ಇದ್ದ ಪದ್ಧತಿ. ಅವತ್ತು ಸುತ್ತಿಗೆಗೂ ರಜೆ, ಹೊಲಿಗೆ ಯಂತ್ರಕ್ಕೂ ರಜೆ. ನಾನು ಅಪ್ಪನ ಮುಖ ನೋಡಿದೆ. ಅವನು ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತ, "ನಾಳೆ ಬೆಳಿಗ್ಗೆ ನೋಡು ಬಿಡು" ಎಂದ. ಮರುದಿನ ಬೆಳಿಗ್ಗೆ ಹೋದರೆ ಚಿಕ್ಕಪ್ಪ ಇಸ್ತ್ರಿ ಮಾಡಿದ ಶರ್ಟಿನಲ್ಲಿ ದೋಣಿಗೆ ಕಾವಲು ನಿಂತಿದ್ದ. "ಕುಂಕುಮ ಅಳಿಸಿಬಿಡ್ತೀಯ, ಹೂವು ಕೀಳ್ತೀಯ. ಬಂದೋರು ನೋಡ್ಕೊಂಡ್ ಹೋಗ್ಲಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊ" ಎಂದು ನನ್ನನ್ನು ಇಳಿಸಿಯೇಬಿಟ್ಟ. ಹಿಂದೆಯೇ ಬಂದ ಅಪ್ಪನಿಗೆ, "ಅಪ್ಪಾ, ನಲ್ಲಿ ಬಿಟ್ಟಿಲ್ಲ, ಬಟ್ಟಲೂ ನೋಡಿಲ್ಲ" ಎಂದೆ. ಅಪ್ಪನಿಗೆ ಕೇಳಿಸಿತು. ತಲೆ ಆಡಿಸಿದ. ಅಷ್ಟರಲ್ಲಿ ಬೀಗರು ಬಂದರು.

ದೋಣಿಯಲ್ಲಿ ಹನುಮಂತಪ್ಪನವರು, ಅವರ ಭಾಮೈದ, ಅಪ್ಪ, ಚಿಕ್ಕಪ್ಪ, ಮೂಲೆಯಲ್ಲಿ ನಾನು. ಎಂಜಿನ್ ಒಂದೇ ತಿರುವಿಗೆ ಹತ್ತಿಕೊಂಡಿತು. ಚಿಕ್ಕಪ್ಪ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ದಡ ದೂರವಾಗಿ, ಗಾಳಿ ಬೀಸಿ, ದೋಣಿ ಹೊಯ್ದಾಡತೊಡಗಿದಾಗ ಎಂಜಿನ್ನಿನ ಸದ್ದು ಕೆಟ್ಟಿತು. ನನಗೆ ಎಲ್ಲರಿಗಿಂತ ಮೊದಲೇ ಕೇಳಿಸಿತು. ಒಮ್ಮೆ ಏದುಸಿರು ಬಿಟ್ಟಿತು, ಇನ್ನೊಮ್ಮೆ ಬಿಟ್ಟಿತು, ಕೆರೆಯ ನಟ್ಟನಡುವೆ ನಿಂತೇಹೋಯಿತು. ಚಿಕ್ಕಪ್ಪ ಹ್ಯಾಂಡಲ್ ತಿರುಗಿಸಿದ, ತಿರುಗಿಸಿದ, ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿಕೊಂಡಿತು.

"ಏನಪ್ಪಾ, ಇಂಗೆ ನಡುನೀರ್ನಾಗೆ ನಿಂತೋದ್ರೆ ಎಂಗೆ? ನಮ್ ಉಡುಗೀನೂ ಇಂಗೇ ನಿಲ್ಲಿಸ್ತೀಯಾ?" ಎಂದರು ಹನುಮಂತಪ್ಪನವರು. ತಮಾಷೆಯ ಮಾತೇ, ಆದರೆ ಮುಖದಲ್ಲಿ ನಗು ಇರಲಿಲ್ಲ.

ಅಪ್ಪ ಬಗ್ಗಿ ಗಾಜಿನ ಬಟ್ಟಲು ಬಿಚ್ಚಿ ಎತ್ತಿ ಹಿಡಿದ. ಪೂರ್ತಿ ನೀರು. ಕೆರೆಯ ಹಸಿರು ಪಾಚಿಯ ಚೂರು ಕೂಡ ಅದರಲ್ಲಿ ತೇಲುತ್ತಿತ್ತು. ಬಂಕಿನ ಡ್ರಮ್ಮಿನಲ್ಲಿ ಪಾಚಿ ಎಲ್ಲಿಂದ ಬರಬೇಕು?

ಚಿಕ್ಕಪ್ಪ ನನ್ನತ್ತ ಬೆರಳು ತೋರಿಸಿದ. "ಡೀಸೆಲ್ ಸೋಸೋದು ಇವಳು. ಸೋಸದೆ ಹಂಗೇ ಸುರಿದಿದ್ದಾಳೆ. ಎಷ್ಟ್ ಸಲ ಹೇಳಿದ್ರೂ ಆಟ, ಆಟ."

ನನಗೆ ಭಯವಾಗಲಿಲ್ಲ. ಅಪ್ಪ ಇದ್ದನಲ್ಲ. ಅಪ್ಪನಿಗೆ ಎಲ್ಲ ಗೊತ್ತಿತ್ತು. ಈಗ ಹೇಳುತ್ತಾನೆ, ಚಿಕ್ಕಪ್ಪನಿಗೆ ಆಗುತ್ತೆ ಮಂಗಳಾರತಿ ಎಂದು ಅಪ್ಪನ ಬಾಯನ್ನೇ ನೋಡುತ್ತ ಕೂತೆ. ಅಪ್ಪ ಬಟ್ಟಲಿನ ನೀರನ್ನು ಕೆರೆಗೆ ಚೆಲ್ಲಿದ. ಆಮೇಲೆ ಹನುಮಂತಪ್ಪನವರ ಕಡೆ ತಿರುಗಿ ಕೈಮುಗಿದ.

"ತಪ್ಪು ನಂದೇ ಯಜಮಾನ್ರೇ. ಹೆಣ್ಮಗು ಕೈಗೆ ಇಂಥ ಕೆಲಸ ಕೊಡಬಾರದಾಗಿತ್ತು."

ಎಷ್ಟು ಚೆಂದದ ಮಾತು ನೋಡಿ. ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡಂತೆಯೂ ಆಯಿತು, ನನ್ನ ತಲೆಗೆ ಕಟ್ಟಿದಂತೆಯೂ ಆಯಿತು. ಹನುಮಂತಪ್ಪನವರ ಮುಖ ಅರಳಿತು. "ಓಗ್ಲಿ ಬಿಡಪ್ಪ, ಮಕ್ಳು. ಬಯ್ಬೇಡಿ ಅದನ್ನ" ಎಂದು ನನ್ನ ತಲೆ ನೇವರಿಸಿದರು. ಅಣ್ಣತಮ್ಮಂದಿರು ಎಷ್ಟು ಸೌಮ್ಯ ಸ್ವಭಾವದವರು ಎಂದು ಭಾಮೈದನೂ ಮೆಚ್ಚಿಕೊಂಡ. ನಾನು "ಇಲ್ಲ, ನಾನು" ಎಂದು ಶುರುಮಾಡಿದೆ. ಅಪ್ಪ ನನ್ನ ಕಡೆ ನೋಡದೆ, "ಸಾವಿ, ಸುಮ್ನಿರು" ಎಂದ. ಅವನು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಗಫಾರ್ ಸಾಬರು ತಮ್ಮ ತೆಪ್ಪದಲ್ಲಿ ಬಂದು ಹಗ್ಗ ಕಟ್ಟಿ ನಮ್ಮನ್ನು ದಡಕ್ಕೆ ಎಳೆದರು. ಅಳುತ್ತಿದ್ದ ನನ್ನನ್ನು ಕಂಡು "ರೋ ನಕ್ಕೋ ಬೇಟಾ", ಅಳಬೇಡ ಮಗಳೇ, ಎಂದರು. ಆ ದಿನ ನನಗೆ ಸಿಕ್ಕ ಸಮಾಧಾನ ಅಷ್ಟೇ. ಮನೆಯಲ್ಲಿ ಒಬ್ಬಟ್ಟಿನ ಊಟವಾಯಿತು, ಅಲ್ಲೇ ಸಂಬಂಧವೂ ಕುದುರಿತು. ಅಜ್ಜಿ ನನ್ನ ಎಲೆಗೆ ಎರಡು ಒಬ್ಬಟ್ಟು ಹೆಚ್ಚಿಗೆ ಹಾಕಿದಳು. ಅವಳಿಗೂ ಗೊತ್ತಿತ್ತು ಎಂದು ಆಗ ನನಗೆ ತಿಳಿಯಿತು.

ಮುಂದಿನ ಭಾನುವಾರ ಅಪ್ಪ ದೋಣಿಯ ಟ್ಯಾಂಕ್ ಪೂರ್ತಿ ಇಳಿಸಿ, ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ ಒಣಗಿಸಿದ. ಕೊಳವೆಗಳನ್ನು ಊದಿದ, ಸ್ಕ್ರೂ ಸಡಿಲಿಸಿ ಒಳಗೆ ಸಿಕ್ಕಿಕೊಂಡಿದ್ದ ಗಾಳಿಯನ್ನೆಲ್ಲ ಬಿಟ್ಟ. ಒಂದೊಂದನ್ನೂ ನಾನು ದಡದಲ್ಲಿ ಕೂತು ನೋಡಿದೆ. ಸ್ಪ್ಯಾನರ್ ಕೊಡು ಎಂದು ಕರೆಯುತ್ತಾನೆ ಎಂದು ಕಾದೆ. ಕರೆಯಲಿಲ್ಲ. ಬೇಕಾದ್ದನ್ನು ತಾನೇ ಎದ್ದು ತೆಗೆದುಕೊಂಡ. ಸಂಜೆ ಮನೆಗೆ ಬಂದಾಗ, "ಇನ್ಮೇಲೆ ನೀನು ಓದ್ಕೊ ಸಾವಿ. ದೋಣಿ ಹತ್ರ ಬರೋದ್ಬೇಡ. ಬೀಗರು ಬಂದುಹೋಗಿ ಮಾಡ್ತಿರ್ತಾರೆ, ಚೆನ್ನಾಗಿರಲ್ಲ" ಎಂದ. ಸುಳ್ಳು ನಿಜದ ಹಾಗೆ ಕಾಣಬೇಕಾದರೆ ನನ್ನ ಕೆಲಸ ಹೋಗಲೇಬೇಕಿತ್ತು. ಅದು ನನಗೆ ಆವತ್ತೇ ಅರ್ಥವಾಯಿತು. ಮಕ್ಕಳಿಗೆ ಇಂಥದ್ದು ತಿಳಿಯುವುದಿಲ್ಲ ಎಂದುಕೊಳ್ಳುವವರು ತಮ್ಮ ಬಾಲ್ಯವನ್ನು ಮರೆತವರು.

ಮದುವೆಯ ಛತ್ರದಲ್ಲಿ ನಾನು 'ಡೀಸೆಲ್ಲಿಗೆ ನೀರು ಹಾಕಿದ ಹುಡುಗಿ'. ಅದೇ ಹೆಸರು ಉಳಿಯಿತು. ಚಿಕ್ಕಮ್ಮ ಒಳ್ಳೆಯವಳು. ಅವಳಿಗೆ ನಿಜ ಗೊತ್ತಿಲ್ಲ. ಇಂದಿಗೂ ಮನೆಗೆ ಯಾರಾದರೂ ಹೊಸಬರು ಬಂದರೆ, "ನಮ್ ಮದುವೆ ತಪ್ಪಿಸ್ತಿದ್ದೋಳು ಇವ್ಳೇ" ಎಂದು ನಗುತ್ತ ಪರಿಚಯ ಮಾಡಿಸುತ್ತಾಳೆ. ಚಿಕ್ಕಪ್ಪನೂ ನಗುತ್ತಾನೆ. ಅಷ್ಟು ಸಲ ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿದೆಯೋ ಏನೋ.

ಎಷ್ಟೋ ವರ್ಷಗಳ ಮೇಲೆ, ನನಗೂ ಮಕ್ಕಳಾದ ಮೇಲೆ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅಪ್ಪನನ್ನು ಕೇಳಿದೆ. "ಆವತ್ತು ನಿಂಗೆ ಗೊತ್ತಿತ್ತಲ್ಲಪ್ಪಾ. ಯಾಕೆ ಹೇಳಲಿಲ್ಲ?"

ಅಪ್ಪ ಯಾವತ್ತು ಎಂದು ಕೇಳಲಿಲ್ಲ. "ಅವನಿಗೆ ಹೆಣ್ಣು ಸಿಗ್ಬೇಕಿತ್ತು ಕಣಮ್ಮ. ನೀನು ನಮ್ಮೋಳೇ ಅಲ್ವಾ, ನಿಂದೇನ್ ಹೋಗ್ತಿತ್ತು?" ಎಂದು ಕಾಯಿ ಸುಲಿಯುವುದನ್ನು ಮುಂದುವರಿಸಿದ.

ಏನು ಹೋಯಿತು ಎಂದು ಲೆಕ್ಕ ಹಾಕುತ್ತ ಈಗ ಬರೆಯುತ್ತಿದ್ದೇನೆ. ಹೆಬ್ಬಾಳದ ಕೆರೆಗೆ ಬೇಲಿ ಬಿತ್ತು, ಸೀಬೆ ತೋಟದ ಜಾಗದಲ್ಲಿ ಮನೆಗಳೆದ್ದವು, ದೋಣಿ ಗುಜರಿಗೆ ಹೋಯಿತು. ಅವೆಲ್ಲ ಎಲ್ಲರಿಗೂ ಹೋದದ್ದು, ಅದಕ್ಕೆ ನಾನೊಬ್ಬಳೇ ಅಳುವುದೇನಿದೆ? ನನಗೊಬ್ಬಳಿಗೇ ಹೋದದ್ದು ಬೇರೆ. ಆ ದಸರೆಯ ನಂತರವೂ ಅಪ್ಪ ಸಂಜೆ ಬಂದು "ಏನಮ್ಮಾ ಸಮಾಚಾರ?" ಎಂದು ಕೇಳುತ್ತಿದ್ದ. ನಾನು "ಏನಿಲ್ಲ" ಎನ್ನುತ್ತಿದ್ದೆ. ಕಾಲೇಜಿನಲ್ಲಿದ್ದಾಗಲೂ ಏನಿಲ್ಲ, ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋದಾಗಲೂ ಏನಿಲ್ಲ. ಅಪ್ಪ ಹೋಗುವ ಮುಂಚೆ ಆಸ್ಪತ್ರೆಯಲ್ಲಿ ನರ್ಸಿಗೆ ನನ್ನನ್ನು ತೋರಿಸಿ ಹೆಮ್ಮೆಯಿಂದಲೇ ಹೇಳಿದ, "ನಮ್ ಹುಡುಗಿ ಮಾತು ಕಮ್ಮಿ. ಚಿಕ್ಕ ವಯಸ್ಸಿಂದ್ಲೂ ಹಂಗೇ."