ನನ್ನ ಅಳತೆಯ ಹತ್ತು ಮಾರು

ನಮ್ಮ ಜಗುಲಿಯ ಗೋಡೆಯಲ್ಲಿ, ಮಗನ ಪಂಪ್‌ಸೆಟ್ ರಿಪೇರಿ ಸಾಮಾನಿನ ಚೀಲದ ಪಕ್ಕ, ಮೊಳೆಗೆ ಒಂದು ಹಳೆಯ ಕತ್ತಾಳೆ ಹಗ್ಗದ ತುಂಡು ನೇತುಹಾಕಿದೆ. ನಡುವೆ ಗೇಣುದ್ದ ಮಾತ್ರ ತುಸು ದಪ್ಪ. ಆ ದಪ್ಪದ ಈಚೆಗೊಂದು ಬಣ್ಣ, ಆಚೆಗೊಂದು ಬಣ್ಣ. ಅದನ್ನು ಅವನು ಯಾವ ದನಕ್ಕೂ ಕಟ್ಟಲಿಲ್ಲ, ಯಾರಿಗೂ ಕೊಡಲಿಲ್ಲ. ಸುಣ್ಣ ಬಳಿಯುವಾಗ ನಾನು ತೆಗೆದಿಟ್ಟರೆ ಮತ್ತೆ ಅಲ್ಲೇ ತಂದು ಹಾಕುತ್ತಿದ್ದ. ಏಕೆ ಎಂದು ಕೇಳಬೇಕೆಂದು ನನಗೆ ತೋಚಿರಲಿಲ್ಲ.

ಅವನು ತೀರಿಕೊಂಡ ಹನ್ನೊಂದನೆಯ ದಿನದ ಕಾರ್ಯಕ್ಕೆ ಅವನ ಬಾಲ್ಯದ ಗೆಳೆಯ ಬಂದಿದ್ದ. ನಮ್ಮೂರಿನವನೇ, ಈಗ ಮೈಸೂರಿನಲ್ಲಿ ಬಸ್ಸಿನ ಕಂಡಕ್ಟರು. ಊಟ ಮುಗಿಸಿ ಜಗುಲಿಯಲ್ಲಿ ಕೂತವನು ಆ ಹಗ್ಗವನ್ನು ನೋಡಿ ಎದ್ದು ಹೋಗಿ ಕೈಯಲ್ಲಿ ಹಿಡಿದುಕೊಂಡ.

"ಅವ್ವಾ, ಈ ಕಡೇದು ನಮ್ ತಾತನ ಹಗ್ಗ. ಆ ಕಡೇದು ನಿಮ್ದು," ಅಂದ. ಆಮೇಲೆ, "ನಿಮ್ಗೆ ಯೋಳ್ಬ್ಯಾಡ ಅಂತ ಆಣೆ ಆಕಿಸ್ಕೊಂಡಿದ್ದ. ಈಗ ಯೋಳ್ಬೋದು ಅನ್ಸುತ್ತೆ," ಅಂದ.

ಅವನು ಹೇಳಿದ್ದನ್ನೂ ನಾನು ಕಣ್ಣಾರೆ ಕಂಡಿದ್ದನ್ನೂ ಸೇರಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಮಗ ಒಂಬತ್ತನೆಯ ಕ್ಲಾಸು ಮುಗಿಸಿದ್ದ. ಶೀಳನೆರೆ ಕಡೆಯ ನಮ್ಮ ಶಾಲೆಯಲ್ಲಿ ಸ್ಕೌಟ್ ಶುರುವಾಗಿ ಎರಡು ವರ್ಷವಾಗಿತ್ತು. ಆರು ಹುಡುಗರದ್ದು ಒಂದು ಪಡೆ. ಇವರ ಪಡೆಯ ಹೆಸರು ಮಿಂಚುಳ್ಳಿ. ಅದರ ನಾಯಕ ನನ್ನ ಮಗ. ನಾಯಕನಾದವನು ಕೋಲಿಗೆ ಕಟ್ಟಿದ ಪಡೆಯ ಬಾವುಟವನ್ನು ಹಿಡಿದು ಮುಂದೆ ನಡೆಯಬೇಕು. ಆ ಬಾವುಟವನ್ನು ನನ್ನ ನೀಲಿ ರವಿಕೆ ಬಟ್ಟೆಯಲ್ಲಿ ನಾನೇ ಹೊಲಿದುಕೊಟ್ಟಿದ್ದೆ. ಹಕ್ಕಿಯ ಕೊಕ್ಕು ಸ್ವಲ್ಪ ಉದ್ದವಾಗಿ ಕೊಕ್ಕರೆಯ ಹಾಗೆ ಕಾಣುತ್ತಿತ್ತು. ಅವನು ಅದನ್ನು ಮಡಚುವಾಗ ಕೊಕ್ಕು ಒಳಗೆ ಹೋಗುವ ಹಾಗೆ ಮಡಚುತ್ತಿದ್ದ. ನಮ್ಮ ಮನೆಯಲ್ಲಿ ಅದುವರೆಗೆ ಯಾವುದಕ್ಕೂ ಯಾರೂ ನಾಯಕರಾಗಿರಲಿಲ್ಲ. ಅವನು ರಾತ್ರಿ ಆ ಕೋಲನ್ನು ಚಾಪೆಯ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ.

ಆ ಬೇಸಿಗೆಯಲ್ಲಿ ಪಾಂಡವಪುರದ ಕುಂತಿಬೆಟ್ಟದ ಕೆಳಗೆ ಒಂದು ವಾರದ ಸಾಹಸ ಶಿಬಿರವೆಂದು ಚೀಟಿ ಬಂತು. ಸುತ್ತಲ ತಾಲ್ಲೂಕುಗಳ ಹುಡುಗರೆಲ್ಲ ಬರುವವರಿದ್ದರು. ಬಂಡೆ ಹತ್ತುವುದು, ಹರಿಗೋಲು ಹಾಕುವುದು, ಹಗ್ಗದ ಮೇಲೆ ದಾಟುವುದು. ಒಬ್ಬೊಬ್ಬರೂ ತಟ್ಟೆ, ಲೋಟ, ಕಂಬಳಿಯ ಜೊತೆಗೆ ಅರವತ್ತು ಅಡಿ ಹಗ್ಗ ತರಬೇಕೆಂದು ಚೀಟಿಯಲ್ಲಿತ್ತು. ನಮ್ಮ ಹಳ್ಳಿಯಲ್ಲಿ ಅಡಿ ಪಟ್ಟಿ ಇದ್ದದ್ದು ಬಡಗಿ ಆಚಾರರ ಮನೆಯಲ್ಲಿ ಒಂದು. ಹಗ್ಗಕ್ಕೆಲ್ಲ ಅದನ್ನು ಯಾರು ಕೇಳಿ ತರುತ್ತಾರೆ? ಎರಡು ಕೈ ಚಾಚಿದರೆ ಒಂದು ಮಾರು, ಮಾರಿಗೆ ಆರು ಅಡಿ. ಮೇಷ್ಟರೇ "ಹತ್ತು ಮಾರು ತಗೊಂಡ್ ಬನ್ರಲಾ" ಎಂದು ಹೇಳಿ ಕಳಿಸಿದ್ದರು.

ಹಗ್ಗ ಮನೆಯಲ್ಲೇ ಇತ್ತು. ನಮ್ಮ ಯಜಮಾನರು ಕೆರೆಯಲ್ಲಿ ಕತ್ತಾಳೆ ಕೊಳೆಹಾಕಿ, ನಾರು ಬಡಿದು ತೆಗೆದು, ಬಾವಿಗೆಂದು ಹೊಸೆದಿದ್ದ ದೊಡ್ಡ ಸುರುಳಿ. ಆದರೆ ಹೊರಡುವ ದಿನ ಅವರು ನಸುಕಿನಲ್ಲೇ ಸಂತೆಬಾಚಹಳ್ಳಿ ಸಂತೆಗೆ ಹೋಗಿಬಿಟ್ಟಿದ್ದರು. ಮಗ ಕಂಬಳಿ ಸುತ್ತುತ್ತಿದ್ದ. ಬಸ್ಸಿಗೆ ಹೊತ್ತಾಗಿತ್ತು.

"ನಾನ್ ಅಳ್ದು ಕುಯ್ತೀನಿ ಬುಡು, ನೀನ್ ಬಟ್ಟೆ ಆಕೋ," ಅಂದೆ.

ನಮ್ಮ ಕಡೆ ಏನನ್ನೇ ಅಳೆದರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಹಾಗೇ ಲಾಭ, ಎರಡು, ಮೂರು ಎಂದು ಎಣಿಸುತ್ತ, ಕೈಯನ್ನು ಆದಷ್ಟು ಚಾಚಿ, ಎದೆಯ ಮೇಲೆ ಹಗ್ಗವನ್ನು ಬಿಗಿಯಾಗಿ ಎಳೆದು ಹತ್ತು ಮಾರು ಅಳೆದೆ. ಕುಡುಗೋಲಿನಲ್ಲಿ ಕೊಯ್ದು, ತುದಿ ಬಿಚ್ಚದ ಹಾಗೆ ನೂಲು ಸುತ್ತಿ ಕೊಟ್ಟೆ. ಸುರುಳಿಯಲ್ಲಿ ಇನ್ನೂ ಬೇಕಾದಷ್ಟು ಹಗ್ಗ ಮಿಕ್ಕಿತ್ತು. ನಾನು ಗಿಡ್ಡ ಹೆಂಗಸು. ಎತ್ತರದಲ್ಲಿ ಮಗ ಆಗಲೇ ನನ್ನನ್ನು ಮೀರಿದ್ದ. ನನ್ನ ಮಾರು ಗಂಡಸರ ಮಾರಿಗಿಂತ ಹತ್ತಿರ ಹತ್ತಿರ ಒಂದು ಮೊಳ ಕಡಿಮೆ ಎನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಶಿಬಿರದ ಮುಖ್ಯಸ್ಥರು ಸೈನ್ಯದಿಂದ ನಿವೃತ್ತರಾದವರು, ದೊಡ್ಡ ಮೀಸೆಯವರು. ಮೊದಲ ಸಂಜೆಯೇ ಡೇರೆಗಳ ಮುಂದೆ ಹಗ್ಗಗಳನ್ನೆಲ್ಲ ಉದ್ದಕ್ಕೆ ಹಾಸಿಸಿ ಟೇಪು ಹಿಡಿದರಂತೆ. ಅರವತ್ತು ಹುಡುಗರ ಹಗ್ಗಗಳಲ್ಲಿ ಒಂದಕ್ಕೊಂದು ಸಮವಾದದ್ದು ಸಿಗಲಿಲ್ಲ. ಒಬ್ಬನದನ್ನು ಅಪ್ಪ ಅಳೆದಿದ್ದ, ಇನ್ನೊಬ್ಬನದನ್ನು ಭಾವ. ಮಗನ ಪಡೆಯಲ್ಲೇ ಇದ್ದ ಈ ಕಂಡಕ್ಟರ ಹಗ್ಗ ಅಳೆದವನು ಅವನ ತಾತ, ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಮನುಷ್ಯ. ಅವನ ಹಗ್ಗ ಎಲ್ಲರಿಗಿಂತ ಉದ್ದ. ನನ್ನ ಮಗನದು ಎಲ್ಲರಿಗಿಂತ ಗಿಡ್ಡ.

"ಇದನ್ನು ಅಳೆದವರು ಯಾರು?" ಎಂದು ಮುಖ್ಯಸ್ಥರು ಕೇಳಿದರು.

"ನಾನೇ ಸಾ," ಅಂದನಂತೆ ಮಗ.

"ಕೈ ಚಾಚು."

ಚಾಚಿದ. ಅವನ ತೋಳುಗಳು ಉದ್ದವೇ ಇದ್ದವು. ಆ ತೋಳಿನ ಹತ್ತು ಮಾರು ಅಷ್ಟು ಗಿಡ್ಡವಾಗಲು ಸಾಧ್ಯವಿಲ್ಲ. ಮುಖ್ಯಸ್ಥರು ಟೇಪು ಮಡಚಿದರು. "ಒಂದೋ ಉದಾಸೀನ ಮಾಡಿದ್ದೀಯ, ಇಲ್ಲವೇ ಸುಳ್ಳು ಹೇಳುತ್ತಿದ್ದೀಯ. ಎರಡೂ ನಾಯಕನಿಗೆ ತಕ್ಕದ್ದಲ್ಲ," ಎಂದು ಬಾವುಟವನ್ನು ಅವನ ಕೈಯಿಂದ ತೆಗೆದುಕೊಂಡು ತಮ್ಮ ಡೇರೆಯೊಳಗೆ ಇಟ್ಟರು. ವಾರದ ಕೊನೆಗೆ ಅದು ಯಾರ ಕೈಗೆ ಎಂದು ನೋಡೋಣ ಎಂದರು.

ಡೇರೆಗೆ ಬಂದ ಮೇಲೆ ಗೆಳೆಯ ಕೇಳಿದನಂತೆ, "ನಿಮ್ಮವ್ವ ಅಳ್ದಿದ್ದು ಅನ್ನಾಕೇನ್ಲಾ ನಿಂಗೆ?"

"ಅಷ್ಟು ಜನದ್ ಮುಂದೆ ನಮ್ಮವ್ವನ ಕೈ ಗಿಡ್ಡ ಅಂತ ಯೋಳ್ಬೇಕಾಗಿತ್ತೇನ್ಲಾ?" ಅಂದನಂತೆ ಇವನು. ಆಮೇಲೆ ಕಂಬಳಿ ಹೊದ್ದು ಆ ಕಡೆ ತಿರುಗಿ ಮಲಗಿದ. ಅಳುತ್ತಿದ್ದನೋ ಇಲ್ಲವೋ ಗೆಳೆಯನಿಗೆ ಗೊತ್ತಾಗಲಿಲ್ಲ.

ಬಾವುಟವಿಲ್ಲದ ಪಡೆಯನ್ನು ಮಿಕ್ಕವರು ಬಿಡುತ್ತಾರೆಯೇ? ಮರುದಿನ ಬೆಟ್ಟ ಹತ್ತುವಾಗ ನಾಗಮಂಗಲದ ಹುಡುಗರು, "ಏನ್ರಲಾ, ಬಾವುಟ ಒಗ್ಯಾಕ್ ಆಕಿದ್ದೀರಾ?" ಎಂದು ಕೂಗಿದರಂತೆ.

"ಊಂ ಕಣ್ಲಾ. ನಿನ್ ಚಡ್ಡೀನೂ ಕೊಡು, ಜೊತೇಲೆ ಒಣ್ಗಾಕ್ತೀವಿ," ಅಂದವನು ಈ ಕಂಡಕ್ಟರು. ಮಗ ಬಂಡೆಯ ಬುಡದಲ್ಲಿ ನಿಂತು ತನ್ನ ಐದು ಹುಡುಗರನ್ನೂ ಹತ್ತಿಸಿ, ಕೊನೆಗೆ ತಾನು ಹತ್ತಿದ. ಮೂರನೆಯ ದಿನ ಗಂಜಾಂನಲ್ಲಿ, ನಿಮಿಷಾಂಬ ಗುಡಿಯ ಕೆಳಗೆ, ಕಾವೇರಿಯಲ್ಲಿ ಹರಿಗೋಲು ಹಾಕಿಸಿದರು. ಇವರ ಹರಿಗೋಲು ಬುಗುರಿಯಂತೆ ನಿಂತಲ್ಲೇ ತಿರುಗಿತು. ಆಗಲೂ ಹುಟ್ಟು ಹಾಕುವ ಲೆಕ್ಕ ಹೇಳಿಕೊಟ್ಟು ದಡ ಮುಟ್ಟಿಸಿದವನು ಇವನೇ. ಕೈಯಲ್ಲಿ ಬಾವುಟ ಇಲ್ಲದಿದ್ದರೂ ಐವರೂ ಅವನ ಮುಖವನ್ನೇ ನೋಡುತ್ತಿದ್ದರು ಎಂದು ಗೆಳೆಯ ಹೇಳಿದ.

ಆರನೆಯ ದಿನದ್ದೇ ದೊಡ್ಡ ಪರೀಕ್ಷೆ. ಬೆಟ್ಟದ ಮಗ್ಗುಲಲ್ಲಿ ಎರಡು ಬಂಡೆಗಳ ನಡುವೆ ಆಳವಾದ ಕೊರಕಲು. ಅದರ ಮೇಲೆ ಮುಖ್ಯಸ್ಥರ ದಪ್ಪ ಹಗ್ಗ ಬಿಗಿದು, ಹಗ್ಗದ ಮೇಲೆ ಜಾರುವ ಒಂದು ಮಣೆ ತೂಗುಹಾಕಿದ್ದರು. ಮಣೆಯ ಮೇಲೆ ಹುಡುಗನನ್ನು ಕೂರಿಸಿ ಆಚೆಗೆ ಎಳೆದು, ಖಾಲಿ ಮಣೆಯನ್ನು ಈಚೆಗೆ ಎಳೆಯಬೇಕು. ಎಳೆಯುವ ಹಗ್ಗವನ್ನು ಪ್ರತಿ ಪಡೆಯೂ ತನ್ನ ಆರು ಹಗ್ಗ ಸೇರಿಸಿ ತಾನೇ ಮಾಡಿಕೊಳ್ಳಬೇಕು. ಅದು ಎರಡೂ ದಡದ ರಾಟೆಗಳ ಮೂಲಕ ಹಾದು ಬರುತ್ತದೆ. ಒಟ್ಟು ಅರವತ್ತು ಮಾರು ಇದ್ದರೆ ಸರಿಯಾಗಿ ಸಾಲುತ್ತದೆ.

ಎಲ್ಲ ಪಡೆಗಳೂ ಪುಸ್ತಕದಲ್ಲಿ ಕಲಿತ ಗಂಟು ಹಾಕಿ ಹಗ್ಗ ಸೇರಿಸಿದವು. ಮಗ ಗಂಟು ಹಾಕಗೊಡಲಿಲ್ಲ. ಬಾವಿಯ ಹಗ್ಗ ತುಂಡಾದರೆ ನಮ್ಮ ಮನೆಯಲ್ಲಿ ಗಂಟು ಹಾಕುವುದಿಲ್ಲ. ಗಂಟು ರಾಟೆಯಲ್ಲಿ ಸಿಕ್ಕಿಕೊಂಡು ಕೊಡ ಅರ್ಧದಲ್ಲೇ ನಿಲ್ಲುತ್ತದೆ. ಎರಡು ತುದಿಗಳ ಎಳೆ ಬಿಚ್ಚಿ, ಒಂದರ ಎಳೆಯನ್ನು ಇನ್ನೊಂದರ ಹೊಸೆತದೊಳಗೆ ತೂರಿಸಿ, ಹೆಣೆದು, ಕಲ್ಲಿನ ಮೇಲೆ ಉರುಳಿಸಿ ನಯಮಾಡುತ್ತಾರೆ. ಮಗ ಅದನ್ನು ಅಪ್ಪನ ಪಕ್ಕದಲ್ಲಿ ಕೂತು ನೋಡಿದ್ದ, ಒಂದೆರಡು ಸಲ ಮಾಡಿಯೂ ಇದ್ದ. ಎರಡನೆಯ ದಿನದಿಂದಲೇ, ಮಿಕ್ಕವರು ಮಧ್ಯಾಹ್ನ ಮರದ ಕೆಳಗೆ ಮಲಗಿರುವಾಗ, ಇವರು ಆರು ಜನ ಕೂತು ಐದು ಕಡೆ ಹೆಣೆದರು. ಕತ್ತಾಳೆ ನಾರು ಅಂಗೈ ಕೊಯ್ಯುತ್ತದೆ. ಮುದ್ದೆ ಮುರಿಯುವಾಗ ಸಾರು ತಾಗಿ ಉರಿಯುತ್ತಿತ್ತು ಎಂದು ಹೇಳುತ್ತ ಗೆಳೆಯ ಈಗಲೂ ಅಂಗೈ ತಿರುಗಿಸಿ ನೋಡಿಕೊಂಡ.

ಪರೀಕ್ಷೆಯ ದಿನ ಮೊದಲ ಪಡೆಯ ಗಂಟು ರಾಟೆಯಲ್ಲಿ ಸಿಕ್ಕಿತು. ನಾಗಮಂಗಲದ ಹುಡುಗನೊಬ್ಬ ಕೊರಕಲಿನ ನಡುಮಧ್ಯೆ ಅರ್ಧ ಗಂಟೆ ನೇತಾಡಿದ. "ಚಡ್ಡಿ ಚೆನ್ನಾಗ್ ಒಣಗ್ತಾ ಐತಲ್ಲೋ," ಎಂದು ಈ ಗೆಳೆಯ ದಡದಿಂದ ಕೂಗಿದ. ಎರಡನೆಯ ಪಡೆಯದೂ ಸಿಕ್ಕಿತು, ಮೂರನೆಯದೂ. ಮಿಂಚುಳ್ಳಿ ಪಡೆಯ ಹಗ್ಗ ಹಾಕಿದಾಗ ಮೊದಲು ಎಲ್ಲರ ಕಣ್ಣೂ ಅದು ಸಾಲುತ್ತದೆಯೋ ಇಲ್ಲವೋ ಎನ್ನುವುದರ ಮೇಲೆ. ನನ್ನ ಹಗ್ಗ ಕಡಿಮೆ ಬಿದ್ದಷ್ಟನ್ನು, ಹೆಣೆಯಲು ಹೋದ ಗೇಣುಗಳನ್ನೂ ಸೇರಿಸಿ, ಗೆಳೆಯನ ತಾತನ ಹಗ್ಗದ ಹೆಚ್ಚಳವೂ ಮಿಕ್ಕವರ ಹಗ್ಗದ ಅಷ್ಟಿಷ್ಟೂ ತುಂಬಿದ್ದವು. ಸಾಲಿತು. ಹೆಣೆದ ಜಾಗ ರಾಟೆಗೆ ಬಂದಾಗ ಒಂದು ಸಣ್ಣ ಕಿರ್ ಸದ್ದು, ಅಷ್ಟೆ. ಐದು ಹುಡುಗರೂ ಆಚೆ ಹೋದರು. ಕೊನೆಗೆ ಮಗ ಹೋದ.

ಸಂಜೆ ಮುಖ್ಯಸ್ಥರು ಡೇರೆಯಿಂದ ಬಾವುಟ ತಂದು ಅವನ ಮುಂದೆ ಹಿಡಿದರು. ಅವನು ಕೈ ನೀಡಲಿಲ್ಲ.

"ಸುಳ್ಳು ಯೋಳ್ಬುಟ್ಟಿದ್ದೆ ಸಾ. ಹಗ್ಗ ಅಳ್ದಿದ್ದು ನಮ್ಮವ್ವ."

"ಅದನ್ನು ಅವತ್ತೇ ಹೇಳಬಹುದಿತ್ತಲ್ಲ."

"ಅವತ್ತು ಅಳ್ತೆ ಕಡ್ಮೆ ಆಗಿತ್ತು ಸಾ. ಎಲ್ರೂ ನಗ್ತಿದ್ರು. ಇವತ್ತು ಸಾಲ್ತು." ಆಮೇಲೆ ಹೇಳಿದನಂತೆ, "ನಾಳೆ ಅವ್ವ ಬತ್ತಳೆ. ಸುಳ್ಳು ಒಳ್ಗೇ ಮಡೀಕಂಡು ಬಾವುಟ ಇಡ್ಕೊಂಡ್ ನಿಂತ್ಕೊಳಾಕ್ ಆಗಕಿಲ್ಲ. ಬ್ಯಾರೇವ್ರಿಗೆ ಕೊಟ್ರೂ ಸರಿ. ಅವ್ವಂಗ್ ಮಾತ್ರ ಯೋಳ್ಬ್ಯಾಡಿ."

ಮುಖ್ಯಸ್ಥರು ಮಿಕ್ಕ ಐದು ಹುಡುಗರ ಕಡೆ ತಿರುಗಿ, ಇದು ಯಾರ ಕೈಗೆ ಎಂದು ಕೇಳಿದರು. ಐವರೂ ಅವನ ಕಡೆ ನೋಡಿದರು. ಬಾವುಟ ಅವನ ಕೈಗೆ ಬಂತು. ಆ ರಾತ್ರಿಯೇ ಅವನು ಐವರಿಂದಲೂ ಆಣೆ ಹಾಕಿಸಿಕೊಂಡ.

ಇನ್ನು ನಾನು ಕಂಡದ್ದು.

ಏಳನೆಯ ದಿನ ಮನೆಯವರು ಬರಬಹುದು ಎಂದಿದ್ದರು. ಕಜ್ಜಾಯ ಮಾಡಿಕೊಂಡು ಎರಡು ಬಸ್ಸು ಹತ್ತಿ ಇಳಿದು ನಾನೂ ಯಜಮಾನರೂ ಹೋದೆವು. ನಾನು ಮೊದಲು ಹುಡುಕಿದ್ದು ನೀಲಿ ಬಾವುಟವನ್ನು. ಸಾಲಿನ ಮುಂದೆ ಅದನ್ನು ಹಿಡಿದು ನಿಂತಿದ್ದ. ಬಿಸಿಲಿಗೆ ಕಪ್ಪಗಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು. ಕೊಕ್ಕು ಎಲ್ಲರಿಗೂ ಕಾಣುವ ಹಾಗೆ ಬಟ್ಟೆ ಪೂರಾ ಬಿಚ್ಚಿತ್ತು. ವಾರವೆಲ್ಲ ಹೀಗೇ ಹಿಡಿದಿದ್ದಾನೆ ಎಂದುಕೊಂಡು ನನ್ನ ಎದೆ ತುಂಬಿತು.

ಅವರು ನಮ್ಮ ಮುಂದೆ ಇನ್ನೊಂದು ಸಲ ಕೊರಕಲು ದಾಟಿ ತೋರಿಸಿದರು. ಯಜಮಾನರು ಹಗ್ಗವನ್ನು ಬೆರಳಿನಲ್ಲಿ ಸವರಿ ನೋಡಿ, "ಹೆಣ್ದವ್ನೆ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

"ನಮ್ ಹಗ್ಗಕ್ಕೆ ಯಾಕ್ಲಾ ಬ್ಯಾರೇದು ಸೇರ್ಸಿದ್ದೀಯೆ?" ಎಂದು ನಾನು ಕೇಳಿದೆ.

"ಅಂಗೇ ಕಣವ್ವ. ಎಲ್ರುದೂ ಸೇರ್ಸ್ಬೇಕಿತ್ತು," ಅಂದ.

ಆಗ ಆ ಮೀಸೆಯ ಮುಖ್ಯಸ್ಥರು ನಮ್ಮ ಹತ್ತಿರ ಬಂದರು. ಇವನ ತಾಯಿ ನೀವೇನಾ ಎಂದು ಕೇಳಿ, "ಅಮ್ಮ, ಒಂದು ಸಲ ಎರಡೂ ಕೈ ಚಾಚುತ್ತೀರಾ?" ಎಂದರು. ನನಗೆ ನಾಚಿಕೆಯಾಯಿತು. ಅಷ್ಟು ಜನರ ಮುಂದೆ, ಒಂದು ಕೈಯಲ್ಲಿ ಕಜ್ಜಾಯದ ಡಬ್ಬಿ. ಆದರೂ ದೊಡ್ಡವರ ಮಾತೆಂದು ಚಾಚಿದೆ. ಅವರು ಟೇಪು ತೆಗೆಯಲಿಲ್ಲ. ಸುಮ್ಮನೆ ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಕಾಲು ಜೋಡಿಸಿ, ಮೂರು ಬೆರಳು ಹಣೆಗೆ ಇಟ್ಟು ಸ್ಕೌಟ್ ಸಲ್ಯೂಟ್ ಹೊಡೆದು ಹೊರಟುಹೋದರು. ಮಗ ನೆಲ ನೋಡುತ್ತಿದ್ದ. ಹಿಂದೆ ನಿಂತ ಐದು ಹುಡುಗರೂ ನೆಲ ನೋಡುತ್ತಿದ್ದರು. ಪೇಟೆಯವರ ರೀತಿಯೇ ಬೇರೆ ಎಂದುಕೊಂಡೆ. ಬಸ್ಸಿನಲ್ಲಿ ಯಜಮಾನರು, "ನಿನ್ನ ಮಿಲ್ಟ್ರಿಗೆ ಸೇರಿಸ್ಕೊಳಾಕೆ ನೋಡ್ದ ಕಣಮ್ಮಿ," ಎಂದು ನಗಿಸಿದರು. ಮಗ ಕಿಟಕಿಯಾಚೆ ನೋಡುತ್ತ ಕಜ್ಜಾಯ ತಿನ್ನುತ್ತಿದ್ದ.

ಅಂದಿನಿಂದ ಮನೆಯಲ್ಲಿ ನಾನು ಏನನ್ನಾದರೂ ಮಾರು ಹಾಕಲು ಹೋದರೆ ಅವನು ಬಂದು ಕೈಯಿಂದ ತೆಗೆದುಕೊಳ್ಳುತ್ತಿದ್ದ. "ಬುಡವ್ವ, ನಾನ್ ಅಳೀತೀನಿ." ದೊಡ್ಡವನಾಗಿ, ಸುತ್ತಲ ಊರುಗಳ ಬೋರ್‌ವೆಲ್ಲಿನಿಂದ ಹಗ್ಗ ರಾಟೆ ಕಟ್ಟಿ ಪಂಪು ಎತ್ತುವ ಕೆಲಸಕ್ಕೆ ಇಳಿದ ಮೇಲೂ ಹಾಗೇ. ನನ್ನ ತೋಳು ನೋಯಬಾರದೆಂದು ಮಾಡುತ್ತಾನೆ ಎಂದುಕೊಂಡಿದ್ದೆ. ಕಾಮಾಲೆ ಹಿಡಿದು ಹಾಸಿಗೆಯಲ್ಲಿದ್ದಾಗಲೂ, ಒಗೆದ ಬಟ್ಟೆ ಹಾಕಲು ನಾನು ದಾರ ಅಳೆಯುವುದನ್ನು ಕಂಡು ಕೈ ಚಾಚಿದ. ನಾನು ತುದಿಯನ್ನು ಅವನ ಬೆರಳಿಗೆ ಕೊಟ್ಟೆ. ಎಳೆಯಲು ಶಕ್ತಿ ಇರಲಿಲ್ಲ, ಹಿಡಿದುಕೊಂಡಿದ್ದ.

ನನ್ನ ಮಗನ ಕೈಯಲ್ಲಿ ಬಾವುಟ ಕಂಡು ನಾನು ಹೆಮ್ಮೆಪಟ್ಟೆ. ಆ ಕೈ ಐದು ದಿನ ಖಾಲಿಯಾಗಿತ್ತು ಎಂದು ಈಗ ತಿಳಿದು ಅದಕ್ಕಿಂತ ಹೆಚ್ಚು ಹೆಮ್ಮೆಪಡುತ್ತಿದ್ದೇನೆ. ಇದನ್ನು ಅವನಿಗೆ ಹೇಳಲು ಆಗಲಿಲ್ಲ. ಗೆಳೆಯ ಹೊರಡುವಾಗ, ಶಿಬಿರದ ಹಗ್ಗದಿಂದ ಮಗ ಕೊಯ್ದಿಟ್ಟುಕೊಂಡಿದ್ದ ಆ ತುಂಡನ್ನು ಅವನಿಗೇ ಕೊಡಲು ಹೋದೆ, ಅರ್ಧ ಅವನ ತಾತನದಲ್ಲವೇ. ಅವನು ಬೇಡವೆಂದು ಮತ್ತೆ ಮೊಳೆಗೆ ಹಾಕಿದ.

ಮೊನ್ನೆ ಸೊಸೆ ಹೊಸ ಕರುವಿಗೆ ಎರಡು ಮಾರು ಹಗ್ಗ ಕೇಳಿದಳು. ಅಳೆಯಲು ಯಾರನ್ನೂ ಕರೆಯಲಿಲ್ಲ. ಲಾಭ, ಎರಡು ಎಂದು ಕೈ ಚಾಚಿ ಅಳೆದೆ. ಆಮೇಲೆ ಅವನ ಪಾಲಿನದೆಂದು ಮಾರಿಗೊಂದು ಮೊಳ ಹೆಚ್ಚು ಬಿಟ್ಟು ಕೊಯ್ದೆ.